ತೆರೆದ ಬಾಗಿಲಿನ ಸಾಲು

ಅಬೊಮೆ
೯ ಆಗಸ್ಟ್ ೧೯೯೧, ಶುಕ್ರವಾರ

ನನ್ನ ಮುದ್ದು ಕೊಸಿಬಾ,

ಚೆನ್ನಾಗಿ ಎದ್ದೆಯಾ? ಗಂಟಲು ಹೇಗಿದೆ? ಕೊತೊನೂವಿನ ಸಮುದ್ರದ ಗಾಳಿಗೆ ತಲೆಗೆ ಬಟ್ಟೆ ಕಟ್ಟಿಕೊಂಡೇ ಓಡಾಡುತ್ತೀ ತಾನೆ? ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮುದುಕಿಗೆ ಸೊಕ್ಕು ಎಂದು ಬೈದುಕೊಂಡಿರುತ್ತೀಯ. ಬೈದುಕೋ. ತಾಳೆ ಎಣ್ಣೆಯ ವ್ಯಾಪಾರ, ಮೊಣಕಾಲು ನೋವು ಎಂದು ನೆಪ ಹೇಳಬಹುದಿತ್ತು. ಆದರೆ ಸುಳ್ಳು ಹೇಳಿದ ಸೋದರತ್ತೆಗೆ ಹಲ್ಲು ಉದುರುತ್ತದಂತೆ, ನನಗೆ ಉಳಿದಿರುವುದೇ ನಾಲ್ಕು.

ಮೊನ್ನೆ ಬೊಹಿಕಾನ್ ಸಂತೆಗೆ ಹೋಗಿದ್ದೆ. ಅಲ್ಲೂ ನಿನ್ನ ಹಾಡಿನದೇ ಕ್ಯಾಸೆಟ್ಟು. ಹೊಗೆಮೀನು ಮಾರುವವಳೊಬ್ಬಳು ಸೊಂಟ ಕುಣಿಸುತ್ತಲೇ ಮೀನು ಕಟ್ಟಿಕೊಡುತ್ತಿದ್ದಳು. "ಏನೇ, ಸತ್ತೋರ ಮನೇಲಿ ಬಡಿಯೋ ಮಡಕೆ ತಾಳ ಅದು. ಅದಕ್ಕೆ ಹಿಂಗೆ ಕುಣೀತೀಯಲ್ಲ, ನಾಚಿಕೆ ಆಗಲ್ವಾ?" ಎಂದೆ. "ಅಜ್ಜೀ, ಮಡಕೆ ಸತ್ತೋರ್ದು, ಗಿಟಾರು ಬದುಕಿರೋರ್ದು. ನನ್ನ ಸೊಂಟ ಗಿಟಾರಿನ ಪಾರ್ಟಿ" ಎಂದಳು, ಬಜಾರಿ! ನಕ್ಕು ನಕ್ಕು ಮೀನು ಮರೆತು ಬಂದೆ.

ಆ ಗಿಟಾರಿನವನು ಹೇಗಿದ್ದಾನೆ? ಮಾರ್ಟಿನಿಕ್ ದ್ವೀಪದಿಂದ ಇಲ್ಲಿಯವರೆಗೆ ಬಂದವನಿಗೆ ಅಕಸ್ಸಾ ಮುದ್ದೆಯನ್ನು ಕೈಯಲ್ಲಿ ಮುರಿಯಲು ಬರಲಿಲ್ಲ, ಚಮಚ ಕೇಳಿದ! ನೀನು ಅವನನ್ನು ಮೊದಲ ಸಲ ಮನೆಗೆ ಕರೆತಂದಾಗ ನಾನು ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದೆ, "ನಿಮ್ಮ ಮನೆತನದ ಬಿರುದಾವಳಿ ಹೇಳಪ್ಪಾ." ಲ್ಯುಸಿಯಾನ್ ತಲೆ ತಗ್ಗಿಸಿದ. "ಗೊತ್ತಿಲ್ಲ ಅತ್ತೇ. ನಮ್ಮೋರನ್ನ ಗುಲಾಮರು ಅಂತ ಹಡಗಿಗೆ ತುಂಬಿದಾಗ ಅದನ್ನ ಹೇಳಿಕೊಡೋ ಅತ್ತೆಯರು ಜೊತೇಲಿ ಬರಲಿಲ್ಲ" ಎಂದ. ಆಮೇಲೆ ಅವನಿಗೆ ಚಮಚ ಕೊಡಲು ನನಗೇನೂ ಬೇಜಾರಾಗಲಿಲ್ಲ.

ಇನ್ನು ಆ ದಿನದ ಮಾತು. ನೀನು ಹೊಸ ಹಾಡಿನ ಕ್ಯಾಸೆಟ್ಟು ತಂದು ಅಂಗಳದಲ್ಲಿ ಹಾಕಿದೆ. ದ್ವೀಪದವರ ಝೂಕ್ ಕುಣಿತ, ಕೆಳಗೆ ನಮ್ಮ ಮಡಕೆಯ ತಾಳ, ನಡುವೆ ನಮ್ಮ ಬಿರುದಾವಳಿ! ಮೀಯಿಸಿ ಮೈ ಒರೆಸುತ್ತಾ ನಿನ್ನ ಕಿವಿಗೆ ನಾನೇ ಹಾಕಿದ ಮಾತುಗಳು: "ಹೊಳೆಯ ನಡುವೆಯೂ ಮಡಕೆ ಕೈಬಿಡದವರ ಮಗಳೇ, ಅತಿಥಿ ಉಂಡೇಳುವ ತನಕ ಉಣ್ಣದವರ ಮಗಳೇ." ನನ್ನ ಎದೆ ಉಬ್ಬಿತ್ತು. ಅಷ್ಟರಲ್ಲಿ ಇನ್ನೊಂದು ಸಾಲು ಬಂತು: "ಕಳೆದುಹೋದವರಿಗೆಂದು ಬಾಗಿಲು ತೆರೆದಿಟ್ಟವರ ಮಗಳೇ."

ನಿನ್ನಪ್ಪ ದೊಸ್ಸು ನನ್ನ ಮುಖ ನೋಡಿದ. "ಅಕ್ಕಾ, ಈ ಸಾಲು ನಮ್ದಾ?"

ಬಿರುದಾವಳಿಯ ವಿಷಯದಲ್ಲಿ ಮನೆಯ ಯಜಮಾನನೂ ಸೋದರತ್ತೆಯ ಬಾಯಿ ನೋಡಬೇಕು. ನಾನು ಹೇಳಿದ್ದೇ ಹೌದು, ನಾನು ಅಲ್ಲವೆಂದರೆ ಅಲ್ಲ. "ನಮ್ದಲ್ಲ. ಆ ದ್ವೀಪದ ಹುಡುಗನ್ನ ಒಲಿಸೋಕೆ ತಾನೇ ಹೆಣೆದಿದಾಳೆ" ಎಂದುಬಿಟ್ಟೆ.

"ಅತ್ತೇ, ನೀವೇ ಹೇಳಿಕೊಟ್ಟಿದ್ದು" ಎಂದೆ ನೀನು.

"ಓಹೋ, ಮೊಟ್ಟೆ ಕೋಳಿಗೆ ಬುದ್ಧಿ ಹೇಳೋ ಕಾಲ ಬಂತು!" ಎಂದೆ. ಎಲ್ಲರೂ ನಕ್ಕರು, ನೀನು ನಗಲಿಲ್ಲ. ಹಿರಿಯರ ಬಾಯಿಗೆ ಸುಳ್ಳು ತುಂಬಿದವಳು ಆ ಸಾಲು ತೆಗೆಯುವ ತನಕ ಈ ಹೊಸ್ತಿಲು ತುಳಿಯಬಾರದು ಎಂದ ದೊಸ್ಸು. ಮಾಡಿಟ್ಟ ಮೀನಿನ ಸಾರು ಮುಟ್ಟದೆ ನೀನು ಹೊರಟುಹೋದೆ.

ಈಗ ನಿನ್ನ ಕಾಗದದಲ್ಲಿ, ಹೊಸದಾಗಿ ರೆಕಾರ್ಡು ಮಾಡುವಾಗ ಆ ಸಾಲು ಬಿಟ್ಟುಬಿಡುತ್ತೇನೆ, ಮನೆಗಿಂತ ಹಾಡು ದೊಡ್ಡದಲ್ಲ ಎಂದು ಬರೆದಿದ್ದೀಯ. ಓದಿ ಅತ್ತುಬಿಟ್ಟೆ. ಬಿಡಬೇಡ ಮಗಳೇ. ಅದೊಂದನ್ನು ಮಾತ್ರ ಬಿಡಬೇಡ.

ದೊಸ್ಸುಗೂ ಹೇಳಿದ್ದೇನೆ, ಸಾಲು ಇರುತ್ತದೆ, ಹುಡುಗಿಯೂ ಬರುತ್ತಾಳೆ ಎಂದು. "ಆವತ್ತು ಅಲ್ಲ ಅಂದ್ಯಲ್ಲಕ್ಕಾ?" ಎಂದ. "ಆವತ್ತು ಹೇಳಿದ್ದೂ ಅತ್ತೆ, ಇವತ್ತು ಹೇಳ್ತಿರೋದೂ ಅತ್ತೆ. ಬಾಯ್ಮುಚ್ಚು" ಎಂದೆ. ಮುಚ್ಚಿದ. ಒಳಗೊಳಗೆ ಅವನಿಗೂ ಅದೇ ಬೇಕಿತ್ತು. ಗಡ್ಡ ಕೆರೆದುಕೊಳ್ಳುವಾಗ ನಿನ್ನ ಹಾಡು ಗುನುಗುತ್ತಾನೆ, ನಾನು ಹತ್ತಿರ ಹೋದರೆ ಕೆಮ್ಮುತ್ತಾನೆ. ಹೊಸ ಗೆಣಸಿನ ಹಬ್ಬಕ್ಕೆಂದು ಗಿನಿಕೋಳಿಯೊಂದನ್ನು ಕೊಬ್ಬಿಸುತ್ತಿದ್ದಾನೆ. ಯಾರಿಗೆ ಎಂದರೆ ಅದಕ್ಕೆ ಇನ್ನೊಂದು ಹಿಡಿ ಜೋಳ ಎರಚುತ್ತಾನೆ.

ಹಬ್ಬಕ್ಕೆ ಬಾ. ಲ್ಯುಸಿಯಾನನನ್ನೂ ಕರೆದುಕೊಂಡು ಬಾ, ಚಮಚ ತೊಳೆದಿಟ್ಟಿದ್ದೇನೆ. ನಮ್ಮ ಹಿರಿಯರು ನಿನ್ನ ದಾರಿಯ ಮುಳ್ಳು ಆಯಲಿ, ನಿನ್ನ ಗಂಟಲಿಗೆ ತಣ್ಣೀರು ಸುರಿಯಲಿ.

ನಿನ್ನನ್ನು ಮೀಯಿಸಿ ಬೆಳೆಸಿದ,
ಅಲುಗ್ಬಾ ಅತ್ತೆ

ಮರೆತ ಮಾತು: ಕಾಗದ ಮಡಿಸಿಟ್ಟು ಮತ್ತೆ ಬಿಚ್ಚಿದೆ. ನಿನಗಲ್ಲದೆ ಯಾರಿಗೆ ಹೇಳಲಿ?

ಹೋದ ತಿಂಗಳು ಕಾನಾ ಊರಿಗೆ, ನಮ್ಮ ದೊಡ್ಡಕ್ಕನ ಮನೆಗೆ ಹೋಗಿದ್ದೆ. ಮರಿಮಗುವನ್ನು ಮೀಯಿಸುತ್ತಾ ಬಿರುದಾವಳಿ ಹೇಳುತ್ತಿದ್ದಳು. ಮಡಕೆ ಬಂತು, ಅತಿಥಿ ಬಂದ, ಆಮೇಲೆ ತೆರೆದ ಬಾಗಿಲೂ ಬಂತು. "ಇದೆಲ್ಲಿಂದ ಬಂತೇ ಅಕ್ಕಾ?" ಎಂದೆ. ಅವಳು ಮಗುವನ್ನು ಹಾಗೇ ಹಿಡಿದುಕೊಂಡು ನನ್ನನ್ನೇ ನೋಡಿದಳು. "ಅಮ್ಮ ನಮ್ಮಿಬ್ಬರಿಗೂ ಹೇಳಿಕೊಟ್ಟಿದ್ದಲ್ಲೇ. ನೀನೇ ಅಲ್ವಾ ಅದನ್ನ ಚೆನ್ನಾಗಿ ಹೇಳ್ತಿದ್ದೋಳು?" ಎಂದಳು. ದಾರಿಯುದ್ದಕ್ಕೂ ಆ ಸಾಲನ್ನು ಬಾಯಲ್ಲಿಟ್ಟುಕೊಂಡೇ ನಡೆದೆ. ಮನೆ ಮುಟ್ಟುವಷ್ಟರಲ್ಲಿ ಮತ್ತೆ ಇರಲಿಲ್ಲ.

ಅದೊಂದೇ ಅಲ್ಲ, ಕೊಸಿಬಾ. ಮೊನ್ನೆ ದೊಸ್ಸುವನ್ನು ಅಪ್ಪಾ ಎಂದು ಕರೆದೆ. ತಮಾಷೆ ಎಂದುಕೊಂಡು ನಕ್ಕ. ನಾನೂ ನಕ್ಕೆ. ನನಗೆ ಭಯವಾಗಿದೆ.

ದಿನಾ ಬೆಳಿಗ್ಗೆ ನಿನ್ನ ಕ್ಯಾಸೆಟ್ಟು ಹಾಕಿಕೊಂಡು ನಿನ್ನ ಹಿಂದೆಯೇ ಹೇಳಿಕೊಳ್ಳುತ್ತೇನೆ. ಗಿಟಾರು ಇರುವ ತನಕ ಸಾಲು ಇರುತ್ತದೆ, ನಿಂತರೆ ಹೋಗುತ್ತದೆ. ಬಂದಾಗ ನನ್ನನ್ನು ಕೂರಿಸಿ ಮೊದಲಿಂದ ಹೇಳು. ನಾನು ತಲೆ ತಗ್ಗಿಸಿ ಸುಮ್ಮನೆ ಕೇಳುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ.

ಹೊಸ ರೆಕಾರ್ಡಿನಲ್ಲಿ ಆ ಸಾಲನ್ನು ಸ್ವಲ್ಪ ನಿಧಾನವಾಗಿ ಹಾಡು ಮಗಳೇ. ಈಗಿನದು ನನಗೆ ಬೇಗ ಆಗುತ್ತದೆ.