ಪೂಜೆಗಿಟ್ಟ ಕಂಪ್ಯೂಟರ್

ಚೇಚಿ,

ಒಟ್ಟಪಾಲಕ್ಕೆ ಹೋಗುತ್ತಿದ್ದೇನೆ, ಗೆಳೆಯ ಅಚ್ಯುತನ ಮುದಿ ಕಂಪ್ಯೂಟರ್ ರಿಪೇರಿಗೆ. ಗಂಜಿ ಒಲೆಯ ಮೇಲಿದೆ, ಹಪ್ಪಳ ನೀನೇ ಸುಟ್ಟುಕೋ. ನನ್ನ ಸ್ಕ್ರೂಡ್ರೈವರಿನಿಂದ ಇನ್ನು ಡಬ್ಬದ ಮುಚ್ಚಳ ಮೀಟಬೇಡ, ತುದಿ ಸೊಟ್ಟಗಾಗಿದೆ.

ಕಳೆದ ನವರಾತ್ರಿಯಲ್ಲಿ ಪುಸ್ತಕಗಳ ಜೊತೆ ಆ ಕಂಪ್ಯೂಟರನ್ನೂ ರೇಷ್ಮೆ ಬಟ್ಟೆ ಹೊದಿಸಿ ಪೂಜೆಗಿಟ್ಟವಳು ಅವನ ಹೆಂಡತಿ ಸುಭಾಷಿಣಿ. ವಿಜಯದಶಮಿಯ ಬೆಳಿಗ್ಗೆ ತೆಗೆಯಬೇಕಿತ್ತು. ಹಿಂದಿನ ದಿನವೇ ತೀರಿಕೊಂಡಳು. ಇಟ್ಟವರೇ ತೆಗೆಯಬೇಕೆಂಬ ಹಠದಲ್ಲಿ ಅವನು ವರ್ಷವಿಡೀ ಮುಟ್ಟಿಲ್ಲ. ಹೊಸದು ಕೊಂಡುಕೋ ಎಂದರೆ ರೇಗುತ್ತಾನೆ. ನಿನ್ನೆ ಫೋನಿನಲ್ಲಿ, "ನೀನೇ ಬಂದು ಬಟ್ಟೆ ತೆಗೆಯೋ, ನಂಗೆ ಕೈ ಬರ್ತಿಲ್ಲ" ಅಂದ.

ಸುಮ್ಮನೆ ಬಿದ್ದಿದ್ದರಿಂದ ಅದರೊಳಗಿನ ಗಡಿಯಾರದ ಬ್ಯಾಟರಿ ಸತ್ತಿರುತ್ತದೆ, ಹೊಸದು ಜೇಬಿನಲ್ಲಿದೆ. ಪೂಜೆಯಿಂದ ತೆಗೆದ ಮೇಲೆ ಬರೆಯಬೇಕಾದ ಮೊದಲ ಅಕ್ಷರವನ್ನು ಮಾತ್ರ ಅವನ ಕೈಯಲ್ಲೇ ಒತ್ತಿಸುತ್ತೇನೆ.

ಇನ್ನೊಂದು ಕೆಲಸ. ನನ್ನ ಕೋಣೆಯಲ್ಲಿ ನನ್ನವಳ ಹೊಲಿಗೆ ಯಂತ್ರವಿದೆಯಲ್ಲ, ಅವಳು ಹೋದ ದಿನ ನಾನು ಹೊದಿಸಿದ ಬಟ್ಟೆ ಇನ್ನೂ ಅದರ ಮೇಲಿದೆ. ಆರು ವರ್ಷದಿಂದ ಗುಡಿಸುವಾಗ ನೀನೂ ಅದನ್ನು ಮುಟ್ಟದೆ ಸುತ್ತಿಕೊಂಡೇ ಹೋಗುತ್ತೀಯ. ನಾನು ಬರುವುದರೊಳಗೆ ಆ ಬಟ್ಟೆ ತೆಗೆದಿಡು. ಅಚ್ಯುತನಿಗೆ ಬುದ್ಧಿ ಹೇಳಲು ಹೊರಟ ನನಗೂ ಕೈ ಬರುತ್ತಿಲ್ಲ.

ನಿನ್ನ ತಮ್ಮ,
ದಾಮು