ಕಾರ್ ಪಾರ್ಕಿನಿಂದ ತೆಗೆದ ಫೋಟೋಗಳು

ಅಪ್ಪಾ,

ನಿನ್ನ ಕ್ಯಾಮೆರಾಕ್ಕೆ ಬೆಂಕಿ ಬೀಳಲಿ. ಚಿಕ್ಕಂದಿನಲ್ಲಿ ನಾನು ಅಲೆಗಳಲ್ಲಿ ಈಜು ಕಲಿತ ಯಾಂಬಾ ಕಡಲತೀರದ ಸರ್ಫ್ ಕ್ಲಬ್ಬಿನವರು ಗೋಡೆಗೆ ಹಾಕಲು ನನ್ನ ಬಾಲ್ಯದ ಫೋಟೋ ಕೇಳಿದರು. ನೀನು ಸತ್ತ ಮೇಲೆ ನನಗೆ ಉಳಿದ ಆ ಪುಟ್ಟ ಕ್ಯಾಮೆರಾವನ್ನು ಇವತ್ತು, ಅದನ್ನು ನಿನಗೆ ಮಾರಿದ ನೊಯಲೀನಳ ಅಂಗಡಿಗೆ ಒಯ್ದೆ. ನೂರಾರು ಫೋಟೋಗಳಲ್ಲಿ ನನ್ನ ಗುಲಾಬಿ ಅಂಗಿ ಇದೆ, ಮುಖವಿಲ್ಲ. ಮುಖದ ಜಾಗದಲ್ಲಿ ಬರೀ ಮಸುಕು ಚೌಕಗಳು.

"ನಿಮ್ಮಪ್ಪ ಡಬ್ಬದ ಮೇಲಿನ ದೊಡ್ಡ ಝೂಮ್ ನಂಬರ್ ನೋಡಿ ತಗೊಂಡ್ರು ಕಣೆ," ಎಂದಳು ನೊಯಲೀನ್. "ಲೆನ್ಸಿನ ಝೂಮ್ ಐದು ಪಟ್ಟು ಅಷ್ಟೇ, ಉಳಿದಿದ್ದೆಲ್ಲ ಚಿತ್ರ ಹಿಗ್ಗಿಸೋದು ಅಂತ ಬಡ್ಕೊಂಡೆ. ಹತ್ರ ಹೋಗಿ ತೆಗೀರಿ ಅಂದ್ರೆ, ಮರಳು ಹೊಕ್ಕು ಹಾಳಾಗುತ್ತೆ ಅಂದ್ರು."

ಪ್ರತಿ ಭಾನುವಾರ ಬೇರೆ ಅಪ್ಪಂದಿರು ಸೊಂಟದಷ್ಟು ನೀರಿನಲ್ಲಿ ನಿಂತು ಮಕ್ಕಳನ್ನು ಅಲೆಯಿಂದ ಎಳೆದುಕೊಳ್ಳುತ್ತಿದ್ದರು. ನೀನು ಕಾರ್ ಪಾರ್ಕಿನಲ್ಲಿ ನಿಂತು ಗುಂಡಿ ಒತ್ತುತ್ತಿದ್ದೆ.

ಕೊನೆಗೆ, ಆಗ ನೀರಿನ ಹತ್ತಿರ ನಿಂತು ಪಕ್ಕದ ಮನೆಯವರು ತೆಗೆದ ಫೋಟೋವನ್ನು ಕ್ಲಬ್ಬಿಗೆ ಕೊಟ್ಟೆ. ಅದರಲ್ಲಿ ನನ್ನ ಮುಖ ಸ್ಪಷ್ಟವಾಗಿದೆ. ನಾನು ಕಾರ್ ಪಾರ್ಕಿನ ಕಡೆ ನೋಡುತ್ತಿದ್ದೇನೆ.