ಮದುವೆಗೆ ಬಾರದ ಇಬ್ಬರು

ಭಾನುವಾರ, ಬೆಳಗಿನ ಚಹಾ ಆರುವ ಮೊದಲು

ಪ್ರೀತಿಯ ಅಕ್ಕನಿಗೆ,

ಲಕೋಟೆಯ ಮೇಲಿನ ನನ್ನ ಕೋಳಿಕಾಲಿನ ಅಕ್ಷರ ನೋಡಿದ ಕೂಡಲೇ ನೀನು ಇದನ್ನು ಹರಿಯಲು ಹೊರಟಿರುತ್ತೀಯ. ಹರಿ, ಆದರೆ ಓದಿ ಹರಿ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಬೇಕಾಗಿಯೂ ಇಲ್ಲ. ನಿನ್ನ ಮದುವೆಯ ದಿನ ನಾನು ಕೋಣೆಯ ಬಾಗಿಲು ಹಾಕಿಕೊಂಡು ‘ದೋಚಿದವರೊಡನೆ ನಂಟಸ್ತಿಕೆಯೇ?’ ಎಂಬ ಕಿರುಹೊತ್ತಿಗೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಕೇಳುವವರು ಯಾರೂ ಇರಲಿಲ್ಲ. ಎಲ್ಲರೂ ನಿನ್ನ ಮದುವೆಗೆ ಹೋಗಿದ್ದರು.

ಈಗ ಮೆಲ್ಲಗೆ ಕುಳಿತುಕೋ. ನಾನು ಇದನ್ನು ಬರೆಯುತ್ತಿರುವುದು ನಿನ್ನ ಅತ್ತೆಯ ಹೊಲಿಗೆ ಅಂಗಡಿಯಲ್ಲಿ, ಅವರು ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಹೌದು, ಅದೇ ಅತ್ತೆ. ನಿನ್ನ ಮದುವೆಗೆ ಬಾರದ ಇನ್ನೊಬ್ಬರು. ಮೆಲ್ಲಗೆ ಎಂದು ಯಾಕೆ ಹೇಳಿದೆ ಎಂದರೆ, ನಿನ್ನ ಈಗಿನ ಸ್ಥಿತಿ ನನಗೆ ಗೊತ್ತು. ಅಮ್ಮ ಬಾಯಿ ತಪ್ಪಿ ಹೇಳಿಬಿಟ್ಟಳು, ಅವಳನ್ನು ಬೈಯಬೇಡ. ಅತ್ತೆಯಿಂದ ಇಂದಿಗೂ ಒಂದು ಸಾಲು ಬರಲಿಲ್ಲವೆಂದು ನೀನು ಗೋಡೆ ಕಡೆ ತಿರುಗಿ ಅಳುತ್ತೀಯಂತೆ. ಅದನ್ನೂ ಅವಳೇ ಹೇಳಿದಳು. ಈ ಪತ್ರ ಅದಕ್ಕಾಗಿಯೇ.

ಮೊದಲಿನಿಂದ ಹೇಳುತ್ತೇನೆ. ನಾನು ನಿನ್ನ ಗಂಡನ ದೇಶಕ್ಕೆ ಸರ್ವೆ ಕಲಿಯಲು ಹೊರಟಾಗ, “ಶತ್ರುವಿನ ವಿದ್ಯೆ ಕಲಿತು ಶತ್ರುವನ್ನೇ ಅಳೆಯುತ್ತೇನೆ” ಎಂದು ಅಮ್ಮನ ಮುಂದೆ ಘೋಷಿಸಿದ್ದೆ. “ಅಳೆ ತಾಯಿ, ಮೊದಲು ಸ್ವೆಟರ್ ಇಟ್ಕೋ” ಎಂದಿದ್ದಳು ಅವಳು. ಪೆಟ್ಟಿಗೆಯ ತುಂಬ ಕಿರುಹೊತ್ತಿಗೆಗಳಿದ್ದವು, ಸ್ವೆಟರಿಗೆ ಜಾಗ ಆಗಲಿಲ್ಲ. ಇಲ್ಲಿ ಇಳಿದ ಮೊದಲ ವಾರವೇ ಹಲ್ಲು ಕಟಕಟಿಸುತ್ತ, ಹಾಸ್ಟೆಲಿನ ಕಾವಲುಗಾರ ಕೊಟ್ಟ ಹಳೇ ಕೋಟಿನೊಳಗೆ ಹೊಕ್ಕೆ. ಶತ್ರುವಿನ ಕೋಟು ಬಹಳ ಬೆಚ್ಚಗಿತ್ತು. ಆಗಲೇ ನನಗೆ ಸಂಶಯ ಬರಬೇಕಾಗಿತ್ತು.

ತರಗತಿಯಲ್ಲಿ ನನ್ನ ಜೊತೆಗಾತಿ ಇಲ್ಲಿಯವಳೇ, ಸಣ್ಣ ದನಿಯ ಹುಡುಗಿ. ನಾನು ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದೇನೆ. ನೆಲದ ಏರುತಗ್ಗು ಅಳೆಯಲು ಇಬ್ಬರು ಬೇಕು. ದೂರದಲ್ಲಿ ಒಬ್ಬಳು ಅಳತೆ ಕೋಲು ಹಿಡಿದು ನಿಲ್ಲುತ್ತಾಳೆ, ಇನ್ನೊಬ್ಬಳು ಉಪಕರಣದೊಳಗೆ ಕಣ್ಣಿಟ್ಟು ಓದುತ್ತಾಳೆ. ಗುಬ್ಬಿ ಓದಿದ ಪ್ರತಿ ಅಳತೆಯನ್ನೂ ನಾನು ಅವಳ ಬೆನ್ನ ಹಿಂದೆ ಮತ್ತೊಮ್ಮೆ ಓದಿ ನೋಡುತ್ತಿದ್ದೆ. ಇವರ ಜನ ನಗುತ್ತಲೇ ಮೋಸ ಮಾಡುತ್ತಾರೆಂದು ನನ್ನ ಕಿರುಹೊತ್ತಿಗೆ ಹೇಳಿತ್ತಲ್ಲ! ಅವಳ ಒಂದೇ ಒಂದು ಅಳತೆಯೂ ತಪ್ಪಿರಲಿಲ್ಲ. ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಇಲ್ಲಿ ಶುಕ್ರವಾರದ ಪಾಠ ಮುಗಿದ ಮೇಲೆ ಎಲ್ಲರೂ ಆ ವಾರದ ತಮ್ಮ ತಪ್ಪೊಂದನ್ನು ಹೇಳಬೇಕು. ಮೊದಲು ಹೇಳುವವರು ಮೇಷ್ಟ್ರೇ. ನರೆತ ತಲೆಯ ಆ ಮನುಷ್ಯ ಎದ್ದುನಿಂತು, ಉಪಕರಣದ ಕಾಲನ್ನು ಸಡಿಲ ಮಣ್ಣಿನಲ್ಲಿ ಊರಿ ಇಡೀ ಬೆಳಗನ್ನು ಹಾಳು ಮಾಡಿದೆನೆಂದು ಹೇಳಿ ಕುಳಿತರು. ಯಾರೂ ನಗಲಿಲ್ಲ. ನನ್ನ ಸರದಿ ಬಂತು. ನನ್ನದೇನೂ ತಪ್ಪಿಲ್ಲ, ತಪ್ಪು ವ್ಯವಸ್ಥೆಯದು ಎಂದು ಒಂದು ಭಾಷಣ ಕೊಟ್ಟೆ. ಆಗ ನಕ್ಕರು ನೋಡು, ಹೊಟ್ಟೆ ಹಿಡಿದುಕೊಂಡು! ಗುಬ್ಬಿಯಂತೂ ನಕ್ಕು ನಕ್ಕು ಅತ್ತೇಬಿಟ್ಟಳು.

ಕೆಲವು ಶುಕ್ರವಾರ ಕಳೆದ ಮೇಲೆ ನಾನೂ ಎದ್ದು, ಜೊತೆಗಾತಿಯ ಅಳತೆಯನ್ನು ಕಾರಣವಿಲ್ಲದೆ ನಂಬದೆ ಹೋದೆ ಎಂದೆ. ಗುಬ್ಬಿ ತಲೆ ತಗ್ಗಿಸಿ, ತನಗೆ ಅದು ಮೊದಲ ದಿನದಿಂದಲೂ ಗೊತ್ತಿತ್ತು, ಪಾಪ ದೂರದಿಂದ ಬಂದವಳು ಎಂದು ಸುಮ್ಮನಿದ್ದೆ ಎಂದಳು. ಪಾಪವಂತೆ! ನಾನು! ಮೇಷ್ಟ್ರು ಅಂದದ್ದು ಇಷ್ಟೇ: “ಸಂಶಯ ಬಂದ್ರೆ ವಾದ ಮಾಡ್ಬೇಡ. ವಾಪಸ್ ಹೋಗಿ ಅಳೆದು ನೋಡು.”

ಆ ಮಾತು ತಲೆಯಲ್ಲಿ ದುಂಬಿಯ ಹಾಗೆ ಗುಂಯ್ಗುಟ್ಟಿತು. ನಾನು ಅಳೆಯದೇ ಬರೆದಿಟ್ಟುಕೊಂಡಿದ್ದು ಗುಬ್ಬಿಯೊಬ್ಬಳ ಲೆಕ್ಕವಲ್ಲವಲ್ಲ ಅಕ್ಕಾ, ನಿನ್ನ ಗಂಡನ ಮನೆಯವರದೂ ಹೌದು. ಮರುದಿನವೇ ರೈಲು ಹತ್ತಿ ಈ ಊರಿಗೆ ಬಂದೆ. ನಿಲ್ದಾಣದ ಹಿಂದಿನ ಓಣಿಯಲ್ಲಿ ಅತ್ತೆಯ ಹೊಲಿಗೆ ಅಂಗಡಿ ಇದೆಯೆಂದು ನೀನೇ ಒಮ್ಮೆ ಅಮ್ಮನಿಗೆ ಹೇಳುತ್ತಿದ್ದೆ. ನಾನು ಕೇಳಿಸಿಕೊಳ್ಳದವಳ ಹಾಗೆ ಕೇಳಿಸಿಕೊಂಡಿದ್ದೆ.

ಕ್ಷಮೆ ಕೇಳಲು ಬಂದೆನೆಂದು ತಿಳಿಯಬೇಡ. ರೈಲಿನಲ್ಲಿ ದಾರಿಯುದ್ದಕ್ಕೂ ಭಾಷಣ ತಯಾರಿಸಿಕೊಂಡೇ ಬಂದಿದ್ದೆ. ಆದರೆ ಅದಕ್ಕೆ ಸರದಿಯೇ ಬರಲಿಲ್ಲ. ನಾನು ಯಾರೆಂದು ಹೇಳಿದ ಕೂಡಲೇ ನಿನ್ನ ಅತ್ತೆ ಯಂತ್ರ ನಿಲ್ಲಿಸಿ, ಕನ್ನಡಕವನ್ನು ಹಣೆಗೇರಿಸಿ, “ಓಹೋ! ನನ್ನ ಮಗನ್ನ ಹಾರಿಸ್ಕೊಂಡು ಹೋದ ಮನೆಯವಳು ನೀನೋ!” ಎಂದಳು. (ಅವರ ಭಾಷೆಯಲ್ಲಿ. ನಾನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.)

ನಾನು ಬಿಟ್ಟೇನೆ? ಎಕ್ಸ್‌ರೇ ಯಂತ್ರ ರಿಪೇರಿಗೆಂದು ನಮ್ಮೂರ ಆಸ್ಪತ್ರೆಗೆ ಬಂದವನು ನರ್ಸಾಗಿದ್ದ ನಮ್ಮಕ್ಕನನ್ನೇ ಎಗರಿಸಿ ಅಲ್ಲೇ ನೆಲೆಯೂರಿದ, ಹಾರಿಸಿಕೊಂಡದ್ದು ನಿಮ್ಮವನು ಎಂದೆ.

“ನಿಮ್ಮ ಜನ ನಗ್ತಾ ನಗ್ತಾ ಮೋಸ ಮಾಡ್ತಾರೆ.”

“ಅದು ನಿಮ್ಮ ಬಗ್ಗೆ ನಾನು ಹೇಳ್ಬೇಕಾದ ಮಾತು!”

“ವಯಸ್ಸಾದ ಅಪ್ಪ ಅಮ್ಮನ್ನ ಬೀದಿಗೆ ಬಿಡ್ತಾರೆ.”

“ಅದೂ ನನ್ದೇ!”

“ಸ್ನಾನಾನೂ ಮಾಡಲ್ಲ.”

ಅಕ್ಕಾ, ನಾವು! ಬಕೆಟ್ಟಿಗೆ ಜಗಳವಾಡಿ ಬೆಳೆದ ನಾವು! ಆಗ ಅವಳು, ನಮ್ಮ ಬಗ್ಗೆ ಇದೆಲ್ಲ ನಿನಗೆ ಯಾರು ಹೇಳಿದರು ಎಂದು ಕೇಳಿದಳು. ಕಿರುಹೊತ್ತಿಗೆಯಲ್ಲಿ ಓದಿದೆ ಎಂದೆ. ನಿಮಗೆ ಎಂದು ಕೇಳಿದರೆ, ಪಕ್ಕದ ಬೇಕರಿಯವಳು ಹೇಳಿದಳಂತೆ.

“ಅವ್ರು ನಮ್ಮ ಕಡೆ ಬಂದಿದ್ರಾ?”

“ಅವಳಿಗೆ ರೈಲು ಹತ್ತಿದ್ರೇ ತಲೆ ತಿರುಗುತ್ತೆ. ನಿನ್ನ ಪುಸ್ತಕದವನು ಇಲ್ಲಿಗೆ ಬಂದಿದ್ದನಾ?”

ಬಂದಿರಲಿಲ್ಲ. ನನಗೆ ಖಂಡಿತ ಗೊತ್ತು, ಅದನ್ನು ಬರೆದವರು ನಮ್ಮೂರ ವಾಚನಾಲಯದ ಕೋಣೆ ಬಿಟ್ಟು ಎಲ್ಲಿಗೂ ಹೋದವರಲ್ಲ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೆರಳು ಮುಚ್ಚುವಷ್ಟು ಇಳಿಬಿದ್ದ ಕೋಟಿನ ತೋಳು ಹಿಡಿದೆಳೆದು, ಈ ಗೋಣಿಚೀಲ ಬಿಚ್ಚು, ನೆಟ್ಟಗೆ ನಿಲ್ಲು ಎಂದಳು. ಟೇಪು ಹಿಡಿದು ನನ್ನ ಭುಜ, ಬೆನ್ನು, ತೋಳು ಎಲ್ಲ ಅಳೆದಳು. ನಾನು ಹೊಲಿಗೆ ಕಾರ್ಮಿಕರ ಶೋಷಣೆಯ ಬಗ್ಗೆ ಶುರುಮಾಡಿದ್ದೆ. “ಭಾಷಣ ಮಾಡು, ಕೈ ಮಾತ್ರ ಎತ್ಬೇಡ, ಅಳತೆ ಕೆಡುತ್ತೆ” ಎಂದಳು. ಕೋಟನ್ನು ಸರಿಮಾಡಿ ಕೊಡುತ್ತಾಳೆ, ಇರಲಿ ಎಂದುಕೊಂಡೆ.

ಆಮೇಲೆ ಕೇಳಿದಳು, ನಿನ್ನಕ್ಕನ ಭುಜ ನಿನ್ನ ಹಾಗೆಯೇ ಇದೆಯಾ? ಸ್ವಲ್ಪ ಅಗಲ ಎಂದೆ. ಎತ್ತರ? ನನಗಿಂತ ನಾಲ್ಕು ಬೆರಳು ಜಾಸ್ತಿ ಎಂದೆ. ಅವಳು ನನ್ನನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ನೆತ್ತಿಯ ಹತ್ತಿರ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಅದರ ಮೇಲೆ ನಾಲ್ಕು ಬೆರಳಿಟ್ಟು ಇನ್ನೊಂದು ಗೆರೆ ಎಳೆದಳು. ಆ ಮೇಲಿನ ಗೆರೆಯನ್ನು ನೋಡುತ್ತಾ ಸುಮಾರು ಹೊತ್ತು ನಿಂತಳು. ಮತ್ತೆ ಬೆನ್ನು ಮಾಡಿಕೊಂಡೇ, “ಈಗ ಎಷ್ಟು ತಿಂಗಳು?” ಎಂದು ಕೇಳಿದಳು.

ಅಕ್ಕಾ, ಅವರು ಇಷ್ಟು ಹೊತ್ತು ನನ್ನನ್ನು ಅಳೆಯುತ್ತಿರಲಿಲ್ಲ. ನನ್ನ ಮೈಮೇಲೆ ನಿನ್ನನ್ನು ಅಳೆಯುತ್ತಿದ್ದರು.

ಮಗ ಬರೆದ ಪತ್ರಗಳನ್ನೆಲ್ಲ ಓದಿದ್ದೀರಾ ಹಾಗಾದರೆ ಎಂದು ಕೇಳಿದೆ. “ಓದ್ಬಾರ್ದು ಅಂತಾನೇ ಮೇಜಿನ ಮೇಲೆ ಇಟ್ಟೆ. ಗಾಳಿಗೆ ತೆರ್ಕೊಂಡ್ವು” ಎಂದರು. ಗೋಂದು ಹಚ್ಚಿದ ಲಕೋಟೆಗಳನ್ನು ತೆರೆಯುವ ಗಾಳಿ ಈ ಊರಲ್ಲಿ ಮಾತ್ರ ಬೀಸುತ್ತದೆ! ಯಾಕೆ ಉತ್ತರಿಸಲಿಲ್ಲವೆಂದರೆ, ಮದುವೆಗೇ ಹೋಗದವಳು ಯಾವ ಮುಖ ಇಟ್ಟುಕೊಂಡು ಬರೆಯಲಿ ಎಂದರು. ನನಗೆ ನಗು ಬಂತು, ಅಳುವೂ ಬಂತು. ನಾನೂ ಅದೇ ಮುಖ ಹೊತ್ತುಕೊಂಡು ಬಂದಿದ್ದೆನಲ್ಲ.

ಅಂದಿನಿಂದ ಪ್ರತಿ ಶನಿವಾರ ಇಲ್ಲಿಗೆ ಬರುತ್ತೇನೆ, ಭಾನುವಾರ ಸಂಜೆಯ ರೈಲಿಗೆ ಮರಳುತ್ತೇನೆ. ನಾವು ಜಗಳವಾಡುತ್ತೇವೆ. ಅವರು ಹಟಮಾರಿ, ನಾನು ಅವರಪ್ಪನಂಥವಳು. ಅವರ ಹಿರಿಯರು ನಮ್ಮವರನ್ನು ದೋಚಿದ್ದು ನಿಜವೇ ಎಂದು ಈಗಲೂ ವಾದಿಸುತ್ತೇನೆ, ಅದನ್ನು ಬಿಟ್ಟುಕೊಡುವುದಿಲ್ಲ. ಅವರು, ಇರಬಹುದು, ಆದರೆ ಆಗ ನಾನು ಹುಟ್ಟಿರಲಿಲ್ಲ, ಆ ಸೂಜಿ ಕೊಡು ಎನ್ನುತ್ತಾರೆ. ಬೇಕರಿಯವಳು ದಿನಕ್ಕೊಮ್ಮೆ ಬಾಗಿಲಲ್ಲಿ ಇಣುಕುತ್ತಾಳೆ. ಕಳೆದ ವಾರ ನನ್ನ ಹತ್ತಿರ ನಿಂತು ಮೂಗು ಅರಳಿಸಿದಳು, ಸ್ನಾನದ ವಿಷಯ ಪರೀಕ್ಷಿಸಲು. ಪಾಸಾದೆ!

ನನ್ನ ಕಿರುಹೊತ್ತಿಗೆಗಳನ್ನು ಸುಡಲಿಲ್ಲ. ಅನ್ಯಾಯದ ಬಗ್ಗೆ ಬರೆದದ್ದೆಲ್ಲ ಹಾಗೇ ಇದೆ, ಆ ಬೆಂಕಿಯೂ ಹಾಗೇ ಇದೆ. ಜನರ ಬಗ್ಗೆ ಬರೆದ ಪುಟಗಳ ಅಂಚಿನಲ್ಲಿ ಮಾತ್ರ ಪೆನ್ಸಿಲಿನಿಂದ ‘ಅಳೆದವರು ಯಾರು?’ ಎಂದು ಬರೆಯುತ್ತಾ ಹೋಗುತ್ತಿದ್ದೇನೆ.

ರಜೆಗೆ ನೇರವಾಗಿ ನಿನ್ನ ಮನೆಗೇ ಬರುತ್ತೇನೆ. ಬಾಗಿಲು ತೆರೆಯುತ್ತೀಯಾ ಎಂದು ಕೇಳುವ ಹಕ್ಕು ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಭಾವನಿಗೆ ಈ ಪತ್ರ ತೋರಿಸಬೇಡ, ಕಾರಣ ಕೆಳಗಿದೆ. ಹೌದು, ಭಾವ ಎಂದೇ ಬರೆದಿದ್ದೇನೆ. ಎರಡೆರಡು ಸಲ ಓದಿ ನಗಬೇಡ.

ಇಂತಿ,
ಮದುವೆಗೆ ಬಾರದಿದ್ದರೂ ಬಾಣಂತನಕ್ಕೆ ಬಂದೇ ಬರುವ,
ನಿನ್ನ ತಂಗಿ

ತಾ.ಕ.: ಪಾರ್ಸೆಲ್ಲಿನಲ್ಲಿ ಬರುವ ನೀಲಿ ನಿಲುವಂಗಿ ನಿನ್ನದು. ಹೊಟ್ಟೆಗೆ ಬೇಕಾದಷ್ಟು ಸಡಿಲ ಬಿಟ್ಟಿದ್ದಾರೆ. ಕೆಳಗಿನ ಅಂಚು ಹೊಲಿದಿಲ್ಲ, ಮರೆತರೆಂದುಕೊಳ್ಳಬೇಡ, ಬೇರೆ ಟೈಲರ್ ಕೈಗೂ ಕೊಡಬೇಡ. ಹಾಕಿಕೊಂಡವಳನ್ನು ಎದುರಿಗೆ ನಿಲ್ಲಿಸಿ ನೋಡದೆ ಅಂಚು ಮಡಚುವ ಅಭ್ಯಾಸ ಅವರಿಗೆ ಇಲ್ಲವಂತೆ. ನಿನ್ನೆ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡು ಬಂದು, ಮುಖ ದೆವ್ವದ ಹಾಗಿದೆ ಎಂದು ಬೈದು, ಮತ್ತೊಮ್ಮೆ ಹೋಗಿ ತೆಗೆಸಿಕೊಂಡರು. ಮಗನಿಗೆ ಗೊತ್ತಾಗಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ನಿನಗೆ ಹೇಳಬಾರದೆಂದು ಹಾಕಿಸಿಕೊಂಡಿಲ್ಲ. ಹಾಗಾಗಿ ಆ ದಿನ ನನ್ನ ಮುಖದ ಮೇಲೆ ಬಾಗಿಲು ಹಾಕಬೇಕೆನಿಸಿದರೆ, ಬೆನ್ನ ಹಿಂದೆ ಯಾರು ನಿಂತಿದ್ದಾರೆಂದು ಮೊದಲು ನೋಡಿಕೊಂಡು ಹಾಕು.